ನಮ್ಮ ಪಂಚಾಯ್ತೀಲಿ ಪಿಂಚಣಿ ಬರೋದು ಎಷ್ಟು ಜನಕ್ಕೆ? ಐದು ಕಡೆ ಕೇಳಿದೆ, ಐದು ಲೆಕ್ಕ ಸಿಕ್ತು

ಹೊಂಗೆ ನೆರಳು

ಒಂದು ಲೆಕ್ಕ ತಲೆ ತಿನ್ನುತ್ತಿದೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹೋದ ತಿಂಗಳು ನಮ್ಮೂರ ಗ್ರಾಮಸಭೆಯಲ್ಲಿ ಒಬ್ಬ ಅಜ್ಜ ಎದ್ದು ನಿಂತು, "ನಮ್ಮ ಪಂಚಾಯ್ತೀಲಿ ವೃದ್ಧಾಪ್ಯ ವೇತನ ಎಷ್ಟು ಜನಕ್ಕೆ ಬರ್ತಿದೆ ಸ್ವಾಮಿ?" ಅಂತ ಕೇಳಿದರು. ಮೇಲೆ ಕೂತಿದ್ದ ಮೂವರು ಮೂರು ಸಂಖ್ಯೆ ಹೇಳಿದರು. ಜನ ನಕ್ಕರು, ಅಜ್ಜ ಕೂತರು, ಮಾತು ಚರಂಡಿಗೆ ಹೋಯಿತು. ನಿಜವಾಗಿಯೂ ಚರಂಡಿ ವಿಷಯಕ್ಕೇ ಹೋಯಿತು.

ನನಗೆ ಸುಮ್ನೆ ಇರೋಕಾಗಲಿಲ್ಲ. ಮನೆಗೆ ಬಂದು ಕೇಂದ್ರ ಸರ್ಕಾರದ ಎನ್‌ಎಸ್‌ಎಪಿ (ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ) ಜಾಲತಾಣ ತೆಗೆದೆ. ರಾಜ್ಯ, ಜಿಲ್ಲೆ, ತಾಲ್ಲೂಕು ಅಂತ ಇಳಿಯುತ್ತಾ ಹೋದರೆ ಪಂಚಾಯ್ತಿವರೆಗೂ ಸಂಖ್ಯೆ ಸಿಗುತ್ತೆ. ಅದು ನಾಲ್ಕನೇ ಲೆಕ್ಕ. ಆಮೇಲೆ ನಾಡಕಚೇರಿಯಿಂದ ಒಂದು ಪಟ್ಟಿ ಪಡೆದೆ, ಅದು ಐದನೇದು. ಜಾಲತಾಣದ ಸಂಖ್ಯೆ ಪಟ್ಟಿಯ ಅರ್ಧ ಕೂಡ ಇಲ್ಲ. ಊರಿನ ಹೆಸರು, ಅಂಕಿ ಇಲ್ಲಿ ಹಾಕಲ್ಲ. ಚಿಕ್ಕ ಊರು, ಯಾರು ಏನು ಅಂತ ಗೊತ್ತಾಗಿಬಿಡುತ್ತೆ.

ಮಧ್ಯೆ ಯಾರಾದರೂ ದುಡ್ಡು ತಿನ್ನುತ್ತಿದ್ದಾರಾ, ಇಲ್ಲಾ ನನಗೇ ಲೆಕ್ಕ ಓದೋಕೆ ಬರಲ್ವಾ?

ಬೆಳಗಿನ ಬಸ್ಸು

ತಿನ್ನುತ್ತಿದ್ದಾರೆ. ಮುಗೀತು.

ಹಳೇ ಲೆಕ್ಕಿಗ

ಬಸ್ಸು ಇಷ್ಟು ಬೇಗ ಹೊರಡಬಾರದು ಸ್ವಾಮಿ, ಜನ ಹತ್ತಲಿ.

ನಾನು ಗ್ರಾಮ ಲೆಕ್ಕಿಗನಾಗಿದ್ದು ನಿವೃತ್ತನಾದವನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು, ಓಡಾಟ ಮಾತ್ರ ಅದೇ. ಕಳ್ಳತನ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಈ ವ್ಯತ್ಯಾಸಕ್ಕೆ ಕಳ್ಳತನವೇ ಬೇಕಂತಿಲ್ಲ.

ಪಿಂಚಣಿ ಅಂತ ನಾವು ಒಂದೇ ಬಾಯಲ್ಲಿ ಹೇಳೋದು ಒಂದು ಯೋಜನೆ ಅಲ್ಲ. ಕೇಂದ್ರದ ಹೆಸರಲ್ಲಿ ಬರೋದು ಮೂರು: ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲ ವೇತನ. ರಾಜ್ಯದ್ದು ಅಂತ ಬೇರೆಯೇ ಇವೆ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ, ಅದಕ್ಕೂ ಹಳೆಯದಾದ ನಿರ್ಗತಿಕ ವಿಧವಾ ವೇತನ, ರಾಜ್ಯದ್ದೇ ಅಂಗವಿಕಲ ವೇತನ, ಮದುವೆಯಾಗದ ಮತ್ತು ವಿಚ್ಛೇದನವಾದ ಹೆಂಗಸರಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ. ಎಂಡೋಸಲ್ಫಾನ್ ಸಂತ್ರಸ್ತರಿಗೆ, ಆತ್ಮಹತ್ಯೆ ಮಾಡಿಕೊಂಡ ರೈತರ ಹೆಂಡತಿಯರಿಗೆ, ಆಸಿಡ್ ದಾಳಿಗೆ ಒಳಗಾದ ಹೆಂಗಸರಿಗೆ ಇನ್ನೂ ಬೇರೆ ಲೆಕ್ಕಶೀರ್ಷಿಕೆ. ನೀವು ಜಾಲತಾಣದಲ್ಲಿ ನೋಡಿದ್ದು ಕೇಂದ್ರದ ಮೂರನ್ನು. ನಾಡಕಚೇರಿ ಪಟ್ಟಿಯಲ್ಲಿ ಎಲ್ಲಾ ಕಲಸಿ ಕೊಟ್ಟಿದ್ದಾರೆ.

ಒಂದೇ ಜಗಲಿ ಮೇಲೆ ಇಬ್ಬರು ಅಜ್ಜಿಯರು ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಇಬ್ಬರಿಗೂ ಎಪ್ಪತ್ತು. ಇಬ್ಬರಿಗೂ ತಿಂಗಳಿಗೆ 1,200 ರೂಪಾಯಿ. ಒಬ್ಬರು ಕೇಂದ್ರದ ಪಟ್ಟಿಯಲ್ಲಿದ್ದಾರೆ, ಅವರ 1,200ರಲ್ಲಿ ದೆಹಲಿಯದು 200, ಉಳಿದ ಸಾವಿರ ರಾಜ್ಯದ್ದು. ಇನ್ನೊಬ್ಬರು ಸಂಧ್ಯಾ ಸುರಕ್ಷಾ, ಅಷ್ಟೂ ರಾಜ್ಯದ್ದೇ. ಯಾವ ಅಜ್ಜಿಗೂ ಇದು ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಆದರೆ ನಿಮ್ಮ ಜಾಲತಾಣದಲ್ಲಿ ಒಬ್ಬರು ಇದ್ದಾರೆ, ಪಕ್ಕದವರು ಇಲ್ಲ.

ತುಂಗೆ ದಡ

ಇಷ್ಟು ದಿನ ಸಂಧ್ಯಾ ಸುರಕ್ಷಾ ಅನ್ನೋದು ವೃದ್ಧಾಪ್ಯ ವೇತನದ ಇನ್ನೊಂದು ಹೆಸರು ಅಂದುಕೊಂಡಿದ್ದೆ ಸರ್. ಎರಡೆರಡು ಯಾಕೆ ಬೇಕಿತ್ತು?

ಹಳೇ ಲೆಕ್ಕಿಗ

ದೆಹಲಿ ಎಲ್ಲರಿಗೂ ಕೊಡಲ್ಲ, ಅದಕ್ಕೆ. ಈ ರಾಜ್ಯಕ್ಕೆ ಇಷ್ಟು ಜನ ಅಂತ ಮಿತಿ ಹಾಕಿದೆ. ಇಡೀ ದೇಶಕ್ಕೆ ಮೂರೂ ಪಿಂಚಣಿ ಮತ್ತು ಚಿಕ್ಕಪುಟ್ಟವು ಸೇರಿ 3.09 ಕೋಟಿ ಜನ, ಅದರಲ್ಲಿ ವೃದ್ಧರು 2.21 ಕೋಟಿ. ಆದರೆ 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿ ಮೇಲಿದ್ದರು. ಮಿತಿ ಹಾಕಿದ್ದು ಅದಕ್ಕೂ ಹಿಂದಿನ, 2001ರ ಜನಸಂಖ್ಯೆ ಹಿಡಿದುಕೊಂಡು. ಅಂದು ನಲವತ್ತರ ಆಸುಪಾಸಿನಲ್ಲಿದ್ದವರು ಈಗ ಪಿಂಚಣಿ ಕೇಳುತ್ತಿದ್ದಾರೆ. ಹೊಸ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಅಲ್ಲಿವರೆಗೆ ಹಳೇ ಅಳತೆಗೋಲೇ ಗತಿ.

ದುಡ್ಡೂ ಹಾಗೇ. 1995ರ ಆಗಸ್ಟ್ 15ಕ್ಕೆ ಶುರುವಾದಾಗ ಕೇಂದ್ರದ ಪಾಲು 75 ರೂಪಾಯಿ. ಆಮೇಲೆ 200 ಆಯಿತು. ಎಂಬತ್ತು ತುಂಬಿದವರಿಗೆ 2011ರಲ್ಲಿ 500 ಮಾಡಿದರು. ಉಳಿದವರಿಗೆ ಇವತ್ತಿಗೂ 200. ಇದನ್ನು ಕನಿಷ್ಠ 500 ಮಾಡಿ ಅಂತ 2017ರ ಡಿಸೆಂಬರ್‌ನಲ್ಲಿ 60 ಜನ ಅರ್ಥಶಾಸ್ತ್ರಜ್ಞರು ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರಿಗೆ ಕಾಗದ ಬರೆದರು. ಜೀನ್ ಡ್ರೆಜ್ ಕೂಡ ಅದರಲ್ಲಿದ್ದರು. ಆಗಲಿಲ್ಲ. ಮರುವರ್ಷ ಮತ್ತೆ ಬರೆದರು. ಆಗಲೂ ಆಗಲಿಲ್ಲ.

ಬೆಳಗಿನ ಬಸ್ಸು

ಸರಿ ಲೆಕ್ಕಿಗರೇ, ಪಟ್ಟಿ ಬೇರೆ ಬೇರೆ ಅಂತ ಒಪ್ಪಿದೆ. ಆದರೆ ನಮ್ಮ ಬೀದಿಯಲ್ಲಿ ಎರಡು ಟ್ರ್ಯಾಕ್ಟರ್ ಇಟ್ಟುಕೊಂಡವರ ತಾಯಿಗೆ ಪಿಂಚಣಿ ಬರುತ್ತೆ. ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 32,000ದ ಒಳಗೆ ಅಂತ ಬರೆಸಿದ್ದಾರೆ. ಇದಕ್ಕೇನಂತೀರಿ? ಪಟ್ಟಿ ಉದ್ದ ಇದ್ದರೆ ಊರು ಬಡವಾಗಿದೆ ಅಂತ ಅರ್ಥ ಅಲ್ಲ, ಸುಳ್ಳು ಜಾಸ್ತಿ ಅಂತ ಅರ್ಥ.

ಕಡ್ಲೆಪುರಿ

ನಾನು ಗ್ರಾಮ ಒನ್‌ನಲ್ಲಿ ಅರ್ಜಿ ಹಾಕಿಕೊಡುವವಳು. ಬಸ್ಸಣ್ಣ, ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ ಆ 32,000ವನ್ನೇ ಒಂದ್ಸಲ ಭಾಗಿಸಿ ನೋಡಿ. ತಿಂಗಳಿಗೆ 2,667 ರೂಪಾಯಿಯೂ ಆಗಲ್ಲ. ಅದೂ ಇಡೀ ಮನೆಗೆ. 2025ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ಇತ್ತು. ಮನೆಯಲ್ಲಿ ಒಬ್ಬರು ನೂರು ದಿನ ಮಣ್ಣು ಹೊತ್ತರೆ 37,000. ಅಲ್ಲಿಗೆ ಅಜ್ಜಿ ಪಿಂಚಣಿಗೆ ಅನರ್ಹ! ಸರ್ಕಾರ ಕೊಟ್ಟ ಕೆಲಸವನ್ನೇ ಪೂರ್ತಿ ಮಾಡಿದರೆ ಸರ್ಕಾರದ ಲೆಕ್ಕದಲ್ಲೇ ಬಡವರಲ್ಲ.

ಹಾಗಾಗಿ ಆದಾಯದ ಕಾಲಂನಲ್ಲಿ ಎಲ್ಲರೂ ಕಮ್ಮಿಯೇ ಬರೆಸುತ್ತಾರೆ. ಟ್ರ್ಯಾಕ್ಟರ್ ಮನೆಯವರೂ, ಕೂಲಿ ಮನೆಯವರೂ. ಕಾಗದದ ಮೇಲೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಯಾರಾದರೂ ದೂರು ಕೊಟ್ಟು ಪರಿಶೀಲನೆಗೆ ಬಂದರೆ ಟ್ರ್ಯಾಕ್ಟರ್‌ನವರು ಹೇಗೋ ಮಾತಾಡಿಕೊಳ್ಳುತ್ತಾರೆ. ಹೆದರಿಕೊಂಡು ಬಾಗಿಲು ಹಾಕಿಕೊಳ್ಳೋದು ಕೂಲಿಯವರು.

ಬೆಳಗಿನ ಬಸ್ಸು

ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಆದರೂ ಟ್ರ್ಯಾಕ್ಟರ್ ಟ್ರ್ಯಾಕ್ಟರೇ.

ಎರೆಮಣ್ಣು

ನಮ್ಮ ಕಡೆ ಇದಕ್ಕೆ 'ಪಗಾರ' ಅಂತಾರೆ ನೋಡ್ರಿ. "ನಿನ್ನ ಪಗಾರ ಬಂತೇನು ಆಯಿ?" ಅಂತ ಕೇಳೋದು. ನಾನು ಕಲಬುರಗಿ ಕಡೆಯವಳು.

ನಮ್ಮ ಪಟ್ಟಿ ಉದ್ದ ಆಗೋದಲ್ಲ, ಕಮ್ಮಿ ಆಗೋದೇ ತ್ರಾಸು. ಬ್ಯಾಸಗಿ ಬಂತಂದ್ರೆ ಅರ್ಧ ಊರು ಬೆಂಗಳೂರು, ಪುಣೆ ಕಡೆ ದುಡಿಯೋಕೆ ಹೋಗುತ್ತೆ. ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಮುದುಕರನ್ನೂ ಕರ್ಕೊಂಡು ಹೋಗ್ತಾರೆ. ಕಟ್ಟಡದ ಹತ್ತಿರ ತಗಡಿನ ಶೆಡ್ಡಿನಲ್ಲಿ ಆಯಿ ಕೂಸು ತೂಗ್ತಾ ಕೂತಿರ್ತಾಳೆ, ಇಲ್ಲಿ ಊರಲ್ಲಿ ಪರಿಶೀಲನೆಗೆ ಬಂದವರು ಬೀಗ ನೋಡಿ 'ವಾಸವಿಲ್ಲ' ಅಂತ ಬರೆದು ಹೋಗ್ತಾರೆ. ನಮ್ಮ ಓಣಿಯ ಗಂಡ ಹೆಂಡತಿ ಇಬ್ಬರದೂ ಹಂಗೇ ನಿಂತಿತ್ತು. ವಾಪಸ್ ಬಂದ ಮ್ಯಾಲೆ ಆ ಮುದುಕ ಕಚೇರಿಗೆ ಹೋಗಿ, "ನಾನು ಇಲ್ಲೇ ಅದೀನಿ, ಮುಟ್ಟಿ ನೋಡ್ರಿ" ಅಂದನಂತೆ. ಹೊಸದಾಗಿ ಅರ್ಜಿ ಹಾಕಿಸಿದರು. ನಿಂತ ತಿಂಗಳುಗಳ ದುಡ್ಡು ಬರಲಿಲ್ಲ.

ಮುಂದಿನ ವರ್ಷದ ಲೆಕ್ಕದಲ್ಲಿ ಅವರಿಬ್ಬರೂ 'ಹೊಸ ಫಲಾನುಭವಿಗಳು'. ಅದೇ ಮುದುಕರು, ಅದೇ ಮನೆ!

ಹೊಂಗೆ ನೆರಳು

ಅಕ್ಕಾ, ಇದನ್ನು ಓದಿ ನನ್ನ ಪಟ್ಟಿ ಮತ್ತೆ ತೆಗೆದೆ. ಅದರಲ್ಲಿ 'ಮಂಜೂರಾದ ದಿನಾಂಕ' ಅಂತ ಒಂದು ಕಾಲಂ ಇದೆ. ಎಂಬತ್ತು ದಾಟಿದ ಕೆಲವರಿಗೆ ಹೋದ ವರ್ಷದ ದಿನಾಂಕ ಇದೆ. ಇಷ್ಟು ವಯಸ್ಸಾದ ಮೇಲೆ ಈಗ ಯಾಕೆ ಅರ್ಜಿ ಹಾಕಿದರು ಅಂದುಕೊಂಡಿದ್ದೆ.

ಅಂಚೆ ಚೀಲ

ನನ್ನ ಎರಡು ಮಾತು. ನಾನು ಪೋಸ್ಟ್‌ಮ್ಯಾನ್ ಆಗಿದ್ದವನು. ಮನಿಯಾರ್ಡರ್ ಕಾಲದಲ್ಲಿ ಈ ಲೆಕ್ಕ ನನ್ನ ಕಾಲಲ್ಲಿ ಇತ್ತು. ಯಾವ ಮನೆ ಮುಂದೆ ಸೈಕಲ್ ನಿಲ್ಲಿಸಬೇಕು ಅನ್ನೋದೇ ಪಟ್ಟಿ. ಯಾರು ಸತ್ತರು, ಯಾರು ಮಗಳ ಮನೆಗೆ ಹೋದರು, ಎಲ್ಲಾ ಗೊತ್ತಿರುತ್ತಿತ್ತು. ಸಹಿ ಬರಲ್ಲ, ಹೆಬ್ಬೆಟ್ಟು. ಇಂಕಿನ ಪ್ಯಾಡು ಒಣಗಿದ್ದರೆ ಒಲೆ ಮಸಿ.

ನಮ್ಮವರಲ್ಲಿ ಕೆಲವರು ಇಪ್ಪತ್ತು, ಮೂವತ್ತು ಹಿಡಿದುಕೊಂಡು ಕೊಡುತ್ತಿದ್ದರು. ಅದನ್ನು ಮುಚ್ಚಿಡಲ್ಲ, ನಾಚಿಕೆ ಆಗುತ್ತೆ. ಖಾತೆಗೆ ಹೋಗಿದ್ದರಿಂದ ಅದು ನಿಂತಿತು, ಒಳ್ಳೇದಾಯಿತು. ಆದರೆ ಈಗ ಖಾತೆಗೆ ಬಿದ್ದಿದೆಯೋ ಇಲ್ಲವೋ ಅಂತ ತಿಳಿಯೋಕೇ ಅಜ್ಜಿ ಆಟೋಗೆ ದುಡ್ಡು ಕೊಡಬೇಕು.

ಮೂರು ಗಾಲಿ

ಅಂಗವಿಕಲರ ಬಗ್ಗೆ ಯಾರೂ ಮಾತೆತ್ತಲಿಲ್ಲ, ಹಾಗಾಗಿ ನಾನೇ ಬಂದೆ.

ನಮ್ಮ ರಾಜ್ಯದಲ್ಲಿ ಶೇ. 40ರಿಂದ 75ರವರೆಗೆ ಅಂಗವೈಕಲ್ಯ ಇದ್ದರೆ 800, ಅದಕ್ಕಿಂತ ಜಾಸ್ತಿ ಇದ್ದರೆ 1,400. ಬುದ್ಧಿಮಾಂದ್ಯರಿಗೆ 2,000. ಕೇಂದ್ರದ ಪಟ್ಟಿ ಸೇರಬೇಕಾದರೆ ಶೇ. 80 ಬೇಕು. ಅಂದರೆ ನನ್ನಂಥ ಶೇ. 65ರವನು ಜಾಲತಾಣದ ಆ ಲೆಕ್ಕಕ್ಕೆ ಇಲ್ಲವೇ ಇಲ್ಲ. ನಮ್ಮ ತಾಲ್ಲೂಕಿನಲ್ಲಿ ಅಂಗವಿಕಲರು ಬಹಳ ಕಮ್ಮಿ ಅಂತ ಒಬ್ಬರು ಅದೇ ಜಾಲತಾಣ ತೋರಿಸಿ ನನಗೇ ವಾದ ಮಾಡಿದ್ದರು. ನಾನು ನನ್ನ ಗಾಡಿ ಮೇಲೆ ಕೂತೇ ಕೇಳಿಸಿಕೊಂಡೆ.

ತುಂಗೆ ದಡ

ನಕ್ಕಿದ್ದಕ್ಕೆ ಕ್ಷಮಿಸಿ ಅಣ್ಣ.

ನನ್ನದೂ ಒಂದು ಕಥೆ ಇದೆ. ಅಮ್ಮನಿಗೆ ಐದು ತಿಂಗಳಿಂದ ವಿಧವಾ ವೇತನ ಬಂದಿರಲಿಲ್ಲ. ನಾಡಕಚೇರಿಯಲ್ಲಿ ಕೇಳಿದರೆ, "ನಮ್ಮ ಕಡೆಯಿಂದ ಹೋಗಿದೆ, ಖಜಾನೆಯಿಂದ ಪಾವತಿ ಆಗಿದೆ, ಇಲ್ಲಿ ನೋಡಿ" ಅಂತ ಪರದೆ ತಿರುಗಿಸಿ ತೋರಿಸಿದರು. ಬ್ಯಾಂಕಿನಲ್ಲಿ ಕೇಳಿದರೆ, "ಬಂದಿಲ್ಲ" ಅಂತ ಪಾಸ್‌ಬುಕ್ ಎಂಟ್ರಿ ಹಾಕಿ ಕೊಟ್ಟರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತಮಾಷೆ. ಅಮ್ಮ ಮಾತ್ರ ಪ್ಲಾಸ್ಟಿಕ್ ಕವರಿನಿಂದ ಆ ಪಾಸ್‌ಬುಕ್ ತೆಗೆಯೋದು, ಬಿಡಿಸೋದು, ಮತ್ತೆ ಮಡಚಿ ಇಡೋದು. ಅಂಚೆಲ್ಲಾ ಹತ್ತಿಯ ಥರ ಆಗಿತ್ತು.

ಕೊನೆಗೆ ಒಬ್ಬ ಹುಡುಗ ಹೇಳಿದ. ಆಧಾರ್ ಮೇಲೆ ಬರೋ ದುಡ್ಡು ಪಾಸ್‌ಬುಕ್ ನಂಬರ್ ನೋಡಲ್ಲ, ಕೊನೇದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತೆ ಅಂತ. ಅಮ್ಮ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆಗೆದು, ಆಧಾರ್ ಜೆರಾಕ್ಸ್ ಕೊಟ್ಟು, ಮರೆತೇಬಿಟ್ಟಿದ್ದರು. ಹೋಗಿ ನೋಡಿದರೆ ಐದು ತಿಂಗಳದು 4,000 ಅಲ್ಲೇ ಕೂತಿದೆ!

ಹಾಗಾದರೆ ಲೆಕ್ಕಿಗ ಸರ್, ಆ ಐದು ತಿಂಗಳು ನಮ್ಮಮ್ಮ ಪಿಂಚಣಿ ಬರುವವರ ಲೆಕ್ಕದಲ್ಲಿ ಇದ್ದರಾ ಇಲ್ಲವಾ?

ಹಳೇ ಲೆಕ್ಕಿಗ

ಇದ್ದರು. ಮಂಜೂರಾದವರಲ್ಲೂ ಇದ್ದರು, ಪಾವತಿಯಾದವರಲ್ಲೂ ಇದ್ದರು. ಕೈಗೆ ಸಿಕ್ಕಿತಾ ಅನ್ನೋ ಕಾಲಂ ಯಾವ ಕಚೇರಿಯಲ್ಲೂ ಇಲ್ಲ ತಾಯಿ.

ಹೊಂಗೆ ನೆರಳು ಅವರೇ, ನಿಮ್ಮ ಗ್ರಾಮಸಭೆಯ ಮೂವರು ಮೂರು ಸಂಖ್ಯೆ ಹೇಳಿದ್ದು ಇದೇ ಇರಬೇಕು ನೋಡಿ. ಒಬ್ಬರು ಮಂಜೂರಾದವರದು ಹೇಳಿರುತ್ತಾರೆ, ಒಬ್ಬರು ಆ ತಿಂಗಳು ಪಾವತಿಯಾದವರದು, ಮೂರನೆಯವರು ಬಾಯಿಗೆ ಬಂದದ್ದು. ಸತ್ತವರ ಹೆಸರು ತೆಗೆಯೋದೂ ನಿಧಾನ. ಹಳ್ಳಿಯಲ್ಲಿ ಮರಣ ನೋಂದಣಿ ಮಾಡಿಸೋದು ಆಸ್ತಿ ಇದ್ದರೆ ಮಾತ್ರ. ಆಸ್ತಿ ಇಲ್ಲದವರು ಕಾಗದದಲ್ಲಿ ಇನ್ನೊಂದಿಷ್ಟು ದಿನ ಬದುಕಿರುತ್ತಾರೆ.

ನಿಮಗೆ ಸರಿಯಾದ ಲೆಕ್ಕ ಬೇಕಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ, ಮೂವತ್ತು ದಿನ. ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅಂತ ಸೆಕ್ಷನ್ 4ರಲ್ಲೇ ಇದೆ, ಅದು ಬೇರೆ ಮಾತು. ಆದರೆ 'ಪಿಂಚಣಿದಾರರು ಎಷ್ಟು' ಅಂತ ಕೇಳಬೇಡಿ, ಆರನೇ ಸಂಖ್ಯೆ ಬರುತ್ತೆ. ಯೋಜನೆವಾರು ಕೇಳಿ, ತಿಂಗಳು ಹೆಸರಿಸಿ ಕೇಳಿ. ಮಂಜೂರು, ಪಾವತಿ, ತಡೆಹಿಡಿದದ್ದು, ತಿರಸ್ಕರಿಸಿದ್ದು, ಎಲ್ಲಾ ಬೇರೆ ಬೇರೆ ಕೇಳಿ. ತಿರಸ್ಕರಿಸಿದ್ದಕ್ಕೆ ಕಾರಣವನ್ನೂ ಕೇಳಿ. ಅಲ್ಲಿ ಕಥೆ ಇರುತ್ತೆ.

ಕಡ್ಲೆಪುರಿ

ಮತ್ತೆ ಅರ್ಜಿಯನ್ನೇ ಹಾಕದವರು? ಅವರು ಯಾವ ಕಾಲಂ ಸರ್?

ಹಳೇ ಲೆಕ್ಕಿಗ

ಅದಕ್ಕೆ ಕಾಗದ ಇಲ್ಲ. ಕಾಲು ಬೇಕು.

ಹೊಂಗೆ ನೆರಳು

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ, ಉತ್ತರ ಬರಬೇಕು. ಅಷ್ಟರಲ್ಲಿ ಕಡ್ಲೆಪುರಿ ಅವರ ಪ್ರಶ್ನೆ ತಲೆಯಲ್ಲೇ ಕೂತಿತ್ತು. ಭಾನುವಾರ ಪಟ್ಟಿ ಹಿಡಿದುಕೊಂಡು ನಮ್ಮ ಬೀದಿ ಮತ್ತು ಹಿಂದಿನ ಬೀದಿ ಸುತ್ತಿದೆ. ಎರಡೇ ಬೀದಿ, ಆದರೆ ಬೆಳಿಗ್ಗೆ ಹೋದವನು ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದೆ. ಎಲ್ಲಾ ಮನೆಯಲ್ಲೂ ಕೂರಿಸುತ್ತಾರೆ.

ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಇತ್ತು, ಸಿಕ್ಕಿಬಿದ್ದರು ಅಂದುಕೊಂಡು ಹೋದೆ. ಅತ್ತೆ ಸೊಸೆ ಇಬ್ಬರ ಹೆಸರೂ ಒಂದೇ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಸೊಸೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಬೇರೆಯವರದು, ಕೂಲಿಗೆ. ಬೆರಳ ತುದಿಯ ಗೆರೆಯೆಲ್ಲಾ ಸವೆದುಹೋಗಿದೆ. ಹೆಬ್ಬೆಟ್ಟಿನ ಯಂತ್ರ ಅವಳನ್ನು ಹಿಡಿಯೋದೇ ಇಲ್ಲವಂತೆ. ಪ್ರತಿ ಸಲ ಎಣ್ಣೆ ಸವರಿ, ಸೆರಗಿನಲ್ಲಿ ಒರೆಸಿ, ಹತ್ತು ಬೆರಳೂ ಒಂದೊಂದಾಗಿ ಇಟ್ಟು ನೋಡುತ್ತಾರೆ. ಒಂದೊಂದು ಸಲ ಎಡಗೈ ಕಿರುಬೆರಳು ಹತ್ತುತ್ತೆ, ಒಂದೊಂದು ಸಲ ಯಾವುದೂ ಇಲ್ಲ. ನಾನು ಕಳ್ಳತನ ಹುಡುಕಿಕೊಂಡು ಹೋದವನು. ಅವಳು ಕೊಟ್ಟ ಟೀ ಕುಡಿದು ಎದ್ದು ಬಂದೆ.

ಇನ್ನೊಂದು ಹೇಳಬೇಕು. ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳಿದ ಅಜ್ಜ ಹಿಂದಿನ ಬೀದಿಯವರು. ಅವರು ಯಾವ ಪಟ್ಟಿಯಲ್ಲೂ ಇಲ್ಲ. ಕೇಳಿದರೆ, "ಎಷ್ಟು ಜನಕ್ಕೆ ಕೊಟ್ಟಿದಾರೆ ಅಂತ ಗೊತ್ತಾದ್ರೆ ನನ್ನ ಸರದಿ ಯಾವಾಗ ಅಂತ ಲೆಕ್ಕ ಹಾಕ್ಬೋದಿತ್ತಲ್ಲಪ್ಪ" ಅಂದರು. ರೇಷನ್ ಅಂಗಡಿ ಸಾಲಿನ ಥರ ಅಂದುಕೊಂಡಿದ್ದಾರೆ.

ಎರಡು ಸಲ ಅರ್ಜಿ ಹಾಕಿ ಬಿಟ್ಟಿದ್ದಾರೆ. ಆಧಾರ್‌ನಲ್ಲಿ ಅವರಿಗೆ 57 ವರ್ಷ. ಹುಟ್ಟಿದ ದಿನ ಜನವರಿ 1, ಕಾರ್ಡ್ ಮಾಡಿಸುವಾಗ ಯಾರೋ ಅಂದಾಜಿಗೆ ಹಾಕಿದ್ದು. ಅವರ ದೊಡ್ಡ ಮಗನ ಆಧಾರ್ ನೋಡಿದೆ, ಅವನಿಗೆ 46. ಅಂದರೆ ಅಜ್ಜ ಹನ್ನೊಂದನೇ ವಯಸ್ಸಿಗೆ ಅಪ್ಪ ಆಗಿದ್ದಾರೆ.

ಬೆಳಗಿನ ಬಸ್ಸು

ಈ ಕೇಸಿಗೆ ಏನು ಬೇಕೋ ಹೇಳಿ, ಓಡಾಟ ನಾನು ಮಾಡುತ್ತೇನೆ. ಬೈಕ್ ಇದೆ. ಟ್ರ್ಯಾಕ್ಟರ್ ವಿಷಯ ಆಮೇಲೆ ನೋಡಿಕೊಳ್ಳೋಣ.

ಕಡ್ಲೆಪುರಿ

ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಒಂದೇ ಸಲ ತಿದ್ದೋಕೆ ಬಿಡೋದು. ಹಾಗಾಗಿ ದಾಖಲೆ ಕೈಯಲ್ಲಿ ಇಟ್ಟುಕೊಂಡೇ ಹೋಗಿ, ಅಂದಾಜಿಗೆ ಹೋಗಬೇಡಿ. ಅಜ್ಜ ಶಾಲೆಗೆ ಹೋಗಿದ್ದಾರಾ ಕೇಳಿ. ಒಂದನೇ ಕ್ಲಾಸು ಅರ್ಧಕ್ಕೆ ಬಿಟ್ಟಿದ್ದರೂ ಪರವಾಗಿಲ್ಲ, ದಾಖಲಾತಿ ಪುಸ್ತಕದಲ್ಲಿ ಹೆಸರು ಇರಬಹುದು.

ಮೂರು ಗಾಲಿ

ಆಧಾರ್ ವಯಸ್ಸಿಗೆ ಪುರಾವೆ ಅಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಹೇಳಿದೆ. ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನೇ ಹಿಡಿದರು. ಅದನ್ನೂ ಮನವಿಯಲ್ಲಿ ಬರೆಯಿರಿ. ಕಂಪ್ಯೂಟರ್ ಒಪ್ಪದಿದ್ದರೂ ತಹಶೀಲ್ದಾರ್ ಓದಲಿ.

ಹೊಂಗೆ ನೆರಳು

ಕೇಳಿದೆ. ಶಾಲೆಗೆ ಹೋಗಿದ್ದರಂತೆ, ಎರಡು ವರ್ಷ. ಮೇಷ್ಟ್ರ ಹೆಸರು ಕೂಡ ನೆನಪಿದೆ. ಆ ಶಾಲೆ ಈಗಲೂ ಇದೆ, ಕಟ್ಟಡ ಮಾತ್ರ ಬೇರೆ.

ಹಳೇ ಲೆಕ್ಕಿಗ

ಹಾಗಾದರೆ ಅರ್ಧ ಕೆಲಸ ಆಯಿತು. ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಕೊಟ್ಟು ಹಳೇ ದಾಖಲಾತಿ ಪುಸ್ತಕ ತೆಗೆಸಿ. ಗೆದ್ದಲು ಹಿಡಿದಿರುತ್ತೆ, ಪುಟ ಬಿಡಿಸುವಾಗ ಹುಷಾರು. ಆ ಕಾಲದಲ್ಲಿ ಅಜ್ಜನ ಹೆಸರು ಬೇರೆ ಥರ ಬರೆದಿರಬಹುದು, ತಂದೆ ಹೆಸರು ಹಿಡಿದು ಹುಡುಕಿ. ಸಿಕ್ಕ ದಾಖಲೆಯ ಎರಡು ಪ್ರತಿ ಮಾಡಿಸಿ, ಒಂದು ಆಧಾರ್ ಕೇಂದ್ರಕ್ಕೆ, ಒಂದು ನಾಡಕಚೇರಿಗೆ.

ಆಮೇಲೂ ಸತಾಯಿಸಿದರೆ ಕಂದಾಯ ಇಲಾಖೆಯ 155245ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬೆಳಗಿನ ಬಸ್ಸು

ಸೋಮವಾರ ಅಜ್ಜನನ್ನ ಕರೆದುಕೊಂಡು ಹೋಗಲಾ?

ಹಳೇ ಲೆಕ್ಕಿಗ

ಸೋಮವಾರ ಬೇಡ, ಕಚೇರಿ ತುಂಬಾ ಜನ ಇರುತ್ತಾರೆ. ಮಂಗಳವಾರ ಹತ್ತೂವರೆಗೆ ಹೋಗಿ. ಮಗನ ಆಧಾರ್ ಕೂಡ ಜೇಬಲ್ಲಿರಲಿ.